ಬಿರುಕಿಗೊಂದು ತಾರೀಖು: ಓದುಗರ ಪ್ರಶ್ನೆ, ಗೌಂಡಿ ಮಗಳ ಉತ್ತರ

ಈ ಸಲ ಅಂಚೆಯಲ್ಲಿ ಬಂದ ಕಾಗದ ಹದಿನಾಲ್ಕು. ಅದರಲ್ಲಿ ಒಂಬತ್ತು ಬಿರುಕಿನವು. ಬೇಸಿಗೆ ಏರಿತೆಂದರೆ ನಮ್ಮ ಕಡೆ ಹೀಗೇ. ಹೊಲದಾಗಿನ ಎರೆ, ಅಂದರೆ ಕಪ್ಪು ಮಣ್ಣು, ಬಾಯಿ ಬಿಟ್ಟ ಮೇಲೆ ಮನೆಯ ಗೋಡೆಯೂ ಬಾಯಿ ಬಿಡುತ್ತದೆ, ಆಗ ಮಂದಿಗೆ ನನ್ನ ನೆನಪಾಗುತ್ತದೆ. ಐದು ಕಾಗದ ಆರಿಸಿಕೊಂಡಿದ್ದೇನೆ. ಉಳಿದವರು ಸಿಟ್ಟಾಗಬ್ಯಾಡ್ರಿ. ಅಡುಗೆಮನೆ ಯಾವ ದಿಕ್ಕಿಗೆ ಇರಬೇಕೆಂದು ಕೇಳಿದ ಹುಮನಾಬಾದಿನ ಅಕ್ಕನವರಿಗೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ: ಹೊಗೆ ಹೊರಗೆ ಹೋಗುವ ದಿಕ್ಕಿಗೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ಕಲಬುರಗಿಯಲ್ಲಿ ಜೇವರ್ಗಿ ರಸ್ತೆಯ ಕಡೆ ಒಂಬತ್ತು ವರ್ಷದ ಮನೆಯೊಂದು ಮಾರಾಟಕ್ಕಿದೆ. 30×40 ಸೈಟು, ಎರಡು ಕೋಣೆ, ಒಂದು ಪಡಸಾಲೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ, ನೋಡಲು ಛೊಲೋ ಇದೆ. ಬ್ಯಾಂಕಿನವರು ಎಂಜಿನಿಯರನ್ನು ಕಳಿಸಿ ನೋಡಿಸಿ ಸಾಲಕ್ಕೆ ಒಪ್ಪಿದ್ದಾರೆ. ಇಷ್ಟಾದ ಮೇಲೂ ನಾನು ಬೇರೆ ಯಾರಿಂದಲಾದರೂ ನೋಡಿಸಬೇಕೇ? ಹದಿನೈದು ದಿನದಲ್ಲಿ ನೋಂದಣಿ ಆಗಲಿ ಎಂದು ದಲ್ಲಾಳಿ ಅವಸರ ಮಾಡುತ್ತಿದ್ದಾರೆ.
— ಓದುಗರು, ಕಲಬುರಗಿ

ಉತ್ತರ: ಮಾಸ್ತರರೇ, ಬ್ಯಾಂಕಿನ ಎಂಜಿನಿಯರ್ ಬಂದದ್ದು ಬ್ಯಾಂಕಿನ ಸಲುವಾಗಿ, ನಿಮ್ಮ ಸಲುವಾಗಿ ಅಲ್ಲ. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಆ ಕೆಲಸವನ್ನು ನಾನೇ ಹನ್ನೊಂದು ವರ್ಷ ಮಾಡಿದ್ದೇನೆ. ನಾಳೆ ಸಾಲ ಮುಳುಗಿದರೆ ಈ ಆಸ್ತಿ ಮಾರಿ ಎಷ್ಟು ರೊಕ್ಕ ಎತ್ತಬಹುದು, ಬ್ಯಾಂಕಿಗೆ ಬೇಕಾದದ್ದು ಅಷ್ಟೇ. ಚಕ್ಕುಬಂದಿ ತಾಳೆ ನೋಡುವುದು, ಟೇಪು ಹಿಡಿಯುವುದು, ನಾಲ್ಕು ಫೋಟೊ ತೆಗೆಯುವುದು, ಓಣಿಯ ದರ ವಿಚಾರಿಸುವುದು. ಮುಕ್ಕಾಲು ತಾಸಿನ ಕೆಲಸ. ಹತ್ತು ಮನೆ ನೋಡಿದರೆ ನಾನು ಮಾಳಿಗೆ ಹತ್ತುತ್ತಿದ್ದದ್ದು ಎರಡು ಮನೆಗೆ. ನಾಚಿಕೆ ಎನಿಸುತ್ತದೆ, ಆದರೆ ಖರೇ ಮಾತು ಅದೇ. ದರ ಕಟ್ಟುವುದು ಒಂದು ಕೆಲಸ, ಮನೆಯ ಸ್ಥಿತಿ ನೋಡುವುದು ಇನ್ನೊಂದು ಕೆಲಸ.

ಇನ್ನು ಆ ಹೊಸ ಬಣ್ಣ. ಒಂಬತ್ತು ವರ್ಷ ಬಣ್ಣ ಕಾಣದ ಮನೆಗೆ ಮಾರುವ ತಿಂಗಳಲ್ಲೇ ಬಣ್ಣ ಬಂದಿದ್ದರೆ, ಮದುಮಗಳನ್ನು ತೋರಿಸುವ ಮನೆಯಲ್ಲಿ ಹಾಗೆ ಮಾಡುತ್ತಾರೆ ಎಂದು ಸುಮ್ಮನಾಗಬಹುದು. ನಾನು ಸುಮ್ಮನಾಗುವುದಿಲ್ಲ. ಸಂಜೆ ಹೊತ್ತು ಹೋಗಿ, ಕೋಣೆಯ ಲೈಟು ಆರಿಸಿ, ಬ್ಯಾಟರಿಯನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಡ್ರಿ. ಪುಟ್ಟಿ ತುಂಬಿದ ಬಿರುಕು ಹಳೆಯ ಗಾಯದ ಕಲೆಯಂತೆ ಎದ್ದು ಕಾಣುತ್ತದೆ. ಹಗಲಲ್ಲಿ ಎದುರಿಗೆ ನಿಂತು ನೋಡಿದರೆ ಕಾಣುವುದಿಲ್ಲ.

ಬಣ್ಣ ಮುಚ್ಚಲಾರದ ಜಾಗ ಒಂದಿದೆ. ಬಾಗಿಲು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿರುವ ಮನೆ ಅದರ ಜೊತೆ ಏರಿ ಇಳಿಯುತ್ತದೆ. ಎಲ್ಲ ಮೂಲೆಯೂ ಸಮನಾಗಿ ಏರಿಳಿದರೆ ತಕರಾರಿಲ್ಲ, ಹಾಗೆ ಆಗುವುದಿಲ್ಲ. ಒಂದು ಮೂಲೆಗೆ ಬಚ್ಚಲ ನೀರು ಇಂಗುತ್ತದೆ, ಇನ್ನೊಂದು ಮೂಲೆಯಲ್ಲಿ ಬೇವಿನ ಮರ ನಿಂತು ಇದ್ದ ತೇವವನ್ನೂ ಹೀರುತ್ತದೆ. ಆಗ ಚೌಕಟ್ಟು ಸೊಟ್ಟಗಾಗುತ್ತದೆ. ಬಾಗಿಲು ಹಾಕಿ, ಮೇಲಿನ ಸಂದಿಗೆ ಕಣ್ಣು ಸಮ ಮಾಡಿ ನೋಡ್ರಿ. ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿ ಉದ್ದಕ್ಕೂ ಒಂದೇ ಸಮ ಇದ್ದು ಬಾಗಿಲು ಬಿಗಿಯಾಗಿದ್ದರೆ ಕಟ್ಟಿಗೆ ಉಬ್ಬಿದೆ ಅಂತ, ಬಡಿಗ ರಂದ ಹೊಡೆದರೆ ಮುಗಿಯಿತು. ಸಂದಿ ಒಂದು ಮೂಲೆಗೆ ದಾರದಷ್ಟು, ಇನ್ನೊಂದು ಮೂಲೆಗೆ ಬೆರಳಿನಷ್ಟು ಇದ್ದರೆ ಅಲುಗಿದ್ದು ಕಟ್ಟಿಗೆಯಲ್ಲ, ಬುನಾದಿ. ಕದದ ಮೂಲೆಯನ್ನು ರಂದದಿಂದ ಓರೆ ಕೆತ್ತಿ ಸರಿಮಾಡಿದ್ದೂ ಇರುತ್ತದೆ, ಕದದ ಮೇಲಂಚಿನ ಮೇಲೆ ಬೆರಳಾಡಿಸಿದರೆ ಬಣ್ಣವಿಲ್ಲದ ಒರಟು ಕಟ್ಟಿಗೆ ತಾಗುತ್ತದೆ. ಆ ಅಂಚಿಗೆ ಬಣ್ಣ ಹಚ್ಚುವ ಪೇಂಟರನ್ನು ನಾನಿನ್ನೂ ನೋಡಿಲ್ಲ.

ಆಮೇಲೆ ಹೊರಗೆ ಬನ್ರಿ. ಮನೆಯ ಸುತ್ತ ಪರಸಿ ಕಲ್ಲು ಹಾಸಿದ್ದಾರೆಯೇ, ಆ ಪರಸಿಗೂ ಗೋಡೆಗೂ ನಡುವೆ ಸಂದಿ ಬಿಟ್ಟಿದೆಯೇ, ಪರಸಿಯ ಇಳಿಜಾರು ಹೊರಕ್ಕಿದೆಯೋ ಮನೆಯ ಕಡೆಗೋ. ಒಂದು ಕೊಡ ನೀರು ಸುರಿದರೆ ಉತ್ತರ ಸಿಗುತ್ತದೆ. ಮಾಳಿಗೆಯ ನೀರಿನ ಪೈಪು ಬುನಾದಿಯ ಬುಡಕ್ಕೇ ಇಳಿದಿದ್ದರೆ ಅದನ್ನು ಮೊದಲು ಬರೆದುಕೊಳ್ರಿ. ಬುನಾದಿ ಎಷ್ಟು ಆಳ ಹೋಗಿದೆ ಎಂದು ಮಾರುವವರನ್ನು ಕೇಳ್ರಿ. ಎರೆಯಲ್ಲಿ ಈ ಉಬ್ಬು-ಕುಗ್ಗು ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳದ ತನಕ ಇರುತ್ತದೆ. ಅಲ್ಲಿಂದ ಕೆಳಗೆ, ಇಲ್ಲವೇ ಗರಸು ಎಂಬ ಗಟ್ಟಿ ನೆಲ ಸಿಕ್ಕುವ ತನಕ ಹೋದ ಬುನಾದಿ ಮಿಸುಕುವುದು ಕಡಿಮೆ. ಬುಡ ಅಗಲ ಮಾಡಿ ಕೊರೆದ ಕಾಂಕ್ರೀಟ್ ಕಂಬಗಳ ಮೇಲೆ ಮನೆ ಕೂರಿಸುವ ಪದ್ಧತಿ ಬಂದದ್ದೇ ಇಂಥ ಮಣ್ಣಿಗಾಗಿ. ಒಂಬತ್ತು ವರ್ಷದ ಹಿಂದೆ ಕಟ್ಟಿದವರ ಹತ್ತಿರ ಬುನಾದಿ ತೋಡಿದಾಗಿನ ಫೋಟೊ ಒಂದಾದರೂ ಮೊಬೈಲಿನಲ್ಲಿ ಇರುತ್ತದೆ. ಪೂಜೆ ಮಾಡಿದ ಫೋಟೊ ಎಲ್ಲರೂ ಇಟ್ಟಿರುತ್ತಾರೆ, ಅದರಲ್ಲಿ ತೆಂಗಿನಕಾಯಿಯ ಹಿಂದೆ ಗುಂಡಿಯೂ ಕಾಣುತ್ತದೆ.

ಬಿರುಕುಗಳೆಲ್ಲ ಒಂದೇ ಜಾತಿಯವಲ್ಲ. ಗಿಲಾವಿನ (ಪ್ಲಾಸ್ಟರಿನ) ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಸಿಮೆಂಟು ಒಣಗುವಾಗ ಬಂದದ್ದು, ಅದಕ್ಕೆ ನಿದ್ದೆಗೆಡಬೇಕಾಗಿಲ್ಲ. ಕಾಲಮ್ಮಿಗೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ನೇರ ನಿಂತ ಗೆರೆ ಬಂದಿದ್ದರೆ ಅಲ್ಲಿ ಗಿಲಾವಿಗೆ ಮುಂಚೆ ಕೋಳಿ ಜಾಳಿಗೆ, ಅಂದರೆ ತಂತಿಯ ಬಲೆ, ಹೊಡೆಯಲಿಲ್ಲ ಅಂತ. ಸ್ಲ್ಯಾಬಿನ ಕೆಳಗೇ ಗೋಡೆಯುದ್ದಕ್ಕೆ ಅಡ್ಡ ಓಡಿದ್ದು ನಮ್ಮ 42–43 ಡಿಗ್ರಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಗೋಡೆಯನ್ನು ನೂಕಿದ ಗುರುತು. ಖಿಡಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಇಳಿದು, ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲ ಇದ್ದರೆ ಅದು ಬುನಾದಿಯದು. ಕಾಲಮ್ಮಿನ ಮೂಲೆಯುದ್ದಕ್ಕೆ ಮೇಲಿಂದ ಕೆಳಗೆ ಸೀಳಿ ಕಂದು ಕಲೆ ಇಳಿದಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ. ಆ ಮನೆಗೆ ಮಾತ್ರ ಕಾಂಕ್ರೀಟಿನ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಹಿಡಿದ ಎಂಜಿನಿಯರ್ ಬೇಕೇ ಬೇಕು, ನನ್ನಂಥವರ ಕಣ್ಣು ಸಾಲದು.

ಆದರೆ ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಆ ಬಿರುಕು ಸತ್ತಿದೆಯೋ ಬದುಕಿದೆಯೋ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ನಮ್ಮಪ್ಪ ಗೌಂಡಿ. ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಆಯಿತಲ್ಲ, 1993ರ ಸೆಪ್ಟೆಂಬರ್ 30ರ ನಸುಕಿಗೆ, ನಾವೆಲ್ಲ ಓಣಿಯಲ್ಲಿ ಹಾಸಿಗೆ ಹಾಸಿಕೊಂಡು ಕೂತಿದ್ದೆವು. ಬೆಳಕು ಹರಿದ ಮೇಲೆ ಮಂದಿ ರೇಡಿಯೊದ ಸುತ್ತ ಸೇರಿದರೆ ಅಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಂಡು ಒಳಗೆ ಹೋದ. ಪ್ರತಿ ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದು ಪಕ್ಕಕ್ಕೆ 30-9-93 ಎಂದು ಬರೆದ. ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಮುತ್ತಿನಂತೆ ಬರೆಯುತ್ತಿದ್ದ. ದೀಪಾವಳಿಗೆ ನೋಡಿದರೆ ಐದು ಬಿರುಕು ಗೆರೆಯ ಒಳಗೇ ಇದ್ದವು, ಪಡಸಾಲೆಯದು ಒಂದು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಆ ಗೋಡೆಯೊಂದನ್ನೇ ಕೆಡವಿ ಕಟ್ಟಿದ. "ನಿಂತಿದ್ದಕ್ಕ ರೊಕ್ಕ ಹಾಕಬ್ಯಾಡ, ನಡಿಯೋದಕ್ಕ ಹಾಕು" ಅಂದ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿದಾಗ ಅಲ್ಲಿಯ ನೆಂಟರಿಗೆ ನಾನು ಫೋನಿನಲ್ಲಿ ಹೇಳಿದ್ದೂ ಇದನ್ನೇ.

ನಿಮ್ಮ ಮನೆಗೆ ಹೊಸ ಬಣ್ಣ ಬಿದ್ದಿರುವುದರಿಂದ ಈ ಗೆರೆಯ ಆಟ ಈಗ ನಡೆಯದು. ಎರೆಯ ಮೇಲಿನ ಮನೆಯನ್ನು ಬೇಸಿಗೆಯ ಕಡೆಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ನೋಡಬೇಕು. ಹದಿನೈದು ದಿನದಲ್ಲಿ ಅದು ಆಗುವುದಿಲ್ಲ ಎಂದು ದಲ್ಲಾಳಿಗೆ ನೇರ ಹೇಳ್ರಿ. ಸಂಚಕಾರ ಕೊಟ್ಟು ಕರಾರು ಮಾಡಿಕೊಳ್ಳುವುದಾದರೆ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ನೋಡುವ ಹಕ್ಕು ಮತ್ತು ಅಲ್ಲಿಯ ತನಕ ಇಷ್ಟು ರೊಕ್ಕ ತಡೆಹಿಡಿಯುವ ಮಾತು ಕರಾರಿನಲ್ಲೇ ಬರಲಿ. ಒಪ್ಪದಿದ್ದರೆ? ಆಗ ಅವರು ಸೆಪ್ಟೆಂಬರಿಗೆ ಯಾಕೆ ಅಂಜುತ್ತಾರೆ ಎಂದು ನೀವೇ ಯೋಚಿಸ್ರಿ.

ಕೊನೆಗೊಂದು, ನನ್ನದೇ ಪೆಟ್ಟು. 2003ರಲ್ಲಿ ನಾವು ಊರಂಚಿನಲ್ಲಿ ಒಂದು ಹಳೆಯ ಖಾಲಿ ಜಾಗ ಕೊಂಡು ಮನೆ ಕಟ್ಟಿದೆವು. ಎಂಜಿನಿಯರ್ ನಾನೇ, ಗೌಂಡಿ ಅಪ್ಪನೇ. ಎರಡನೆಯ ಮಳೆಗಾಲಕ್ಕೆ ಅಡುಗೆಮನೆಯ ಮೂಲೆ ನಾಲ್ಕು ಬೆರಳು ಕುಸಿಯಿತು, ಒಲೆಯ ಕಟ್ಟೆಯ ಮೇಲಿಟ್ಟ ಪಾತ್ರೆ ತಾನೇ ಜಾರುತ್ತಿತ್ತು. ಅಗೆದರೆ ಕೆಳಗೆ ಪೊಳ್ಳು. ಕೊಳೆತ ಜೋಳದ ಹೊಟ್ಟಿನ ವಾಸನೆ ಈಗಲೂ ಮೂಗಿನಲ್ಲಿದೆ. ಅದು ಹಗೇವು. ಹಿಂದೆ ಜೋಳ ತುಂಬಿಡಲು ನೆಲದಲ್ಲಿ ಬಾಯಿ ಸಣ್ಣ, ಹೊಟ್ಟೆ ದೊಡ್ಡ ಮಾಡಿ ತೋಡುತ್ತಿದ್ದ ಗುಂಡಿ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಬಿಟ್ಟು ನೋಡುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕಿದರೆ ಎರಡು ತಲೆಮಾರಿಗೆ ಗುರುತೂ ಉಳಿಯದು. ಮಾರಿದವರಿಗೆ ಅದು ಗೊತ್ತಿತ್ತು, ಅವರ ಅಜ್ಜ ತೋಡಿಸಿದ್ದೇ. ಪಕ್ಕದ ಮನೆಯ ಮುದುಕಿ ಬಂದು ಗುಂಡಿಯಲ್ಲಿ ಇಣುಕಿ, "ಇಲ್ಲಿ ಹಗೇವು ಇತ್ತಲ್ಲವ್ವ, ನಿನಗ ಯಾರೂ ಹೇಳಲಿಲ್ಲೇನು?" ಅಂದಳು. ನಾನು ಮಣ್ಣು ನೋಡಿದ್ದೆ, ಉತಾರ ನೋಡಿದ್ದೆ, ಋಣಭಾರ ಪತ್ರ ತೆಗೆಸಿದ್ದೆ. ಆ ಮುದುಕಿಯನ್ನು ಕೇಳಿರಲಿಲ್ಲ. ನೀವು ಓಣಿಯ ಹಿರಿಯರ ಹತ್ತಿರ ಒಂದು ಚಹಾದಷ್ಟು ಹೊತ್ತು ಕೂತು ಬರ್ರಿ: ಇಲ್ಲಿ ಮೊದಲು ಏನಿತ್ತು, ಬಾವಿ ಇತ್ತೇ, ಮಳೆನೀರು ಎಲ್ಲಿ ನಿಲ್ಲುತ್ತದೆ, 2020ರ ಅಕ್ಟೋಬರಿನ ಮಳೆಗೆ ಎಲ್ಲಿಯ ತನಕ ನೀರು ಬಂತು.

ಪ್ರಶ್ನೆ: ಬೀದರಿನಲ್ಲಿ ನನ್ನದು ಹೊಲಿಗೆ ಅಂಗಡಿ. ನಾಲ್ಕು ವರ್ಷ ಬಾಡಿಗೆಗಿದ್ದ ಮಳಿಗೆ ಬಿಟ್ಟೆ. ಹಿಂದಿನ ಗೋಡೆ ನೀರು ಕುಡಿದು ಹಾಳಾಗಿದೆ, ನೆಲದ ಪರಸಿ ಸವೆದಿದೆ, ಎರಡು ಸ್ವಿಚ್ ಒಡೆದಿವೆ ಎಂದು ಮಾಲೀಕರು ಡಿಪಾಜಿಟ್ಟಿನ ಅರ್ಧ ಹಿಡಿದಿದ್ದಾರೆ. ಅಂಗಡಿಯ ಹಿಂದೆ ಕೈ ತೊಳೆಯುವ ನಲ್ಲಿ ಹಾಕಿಸಿದ್ದೆ, ಅದರಿಂದಲೇ ಗೋಡೆ ಕೆಟ್ಟಿತು ಎನ್ನುತ್ತಾರೆ. ನಾನು ಬರುವಾಗ ಯಾವ ಪಟ್ಟಿಯನ್ನೂ ಮಾಡಿರಲಿಲ್ಲ.
— ಓದುಗರು, ಬೀದರ್

ಉತ್ತರ: ತಂಗೀ, ಒಡೆದ ಸ್ವಿಚ್ಚಿನ ರೊಕ್ಕ ಕೊಟ್ಟುಬಿಡು, ಅದು ನಿನ್ನದು. ಪರಸಿ ಸವೆದದ್ದು ನಿನ್ನದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರರ ಮೇಲೆ ಹೊರಿಸುವ ಹೊಣೆ ಏನೆಂದರೆ, ಕಬ್ಜಾ ತೆಗೆದುಕೊಂಡಾಗ ಹೇಗಿತ್ತೋ ಹಾಗೆ ವಾಪಸು ಕೊಡುವುದು, ಬಳಕೆಯಿಂದಾದ ಸಹಜ ಸವೆತ ಬಿಟ್ಟು. ನಾಲ್ಕು ವರ್ಷ ಗಿರಾಕಿಗಳು ತುಳಿದ ನೆಲ ಸವೆಯದೆ ಇನ್ನೇನಾಗುತ್ತದೆ? ಆದರೆ ನಿನ್ನ ಕರಾರಿನಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದಕ್ಕೇ ಬೆಲೆ, ಮೊದಲು ಅದನ್ನು ತೆಗೆದು ಓದು.

ಗೋಡೆಯ ಮಾತಿಗೆ ಬರೋಣ. ನಿಮ್ಮ ಬೀದರ್ ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಹಳೆಯ ಮಳಿಗೆಗಳ ಗೋಡೆಯೂ ಆ ಕೆಂಪು ಕಲ್ಲಿನದೇ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು, ಆದರೆ ಮೈತುಂಬ ರಂಧ್ರ, ನೆಲದ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆಯುತ್ತದೆ. ಮೇಲೆ ಸಿಮೆಂಟಿನ ಗಿಲಾವು ಬಡಿದರೆ ಆ ತೇವ ಹೊರಬೀಳಲು ದಾರಿಯಿಲ್ಲದೆ ಗಿಲಾವನ್ನೇ ಉದುರಿಸುತ್ತದೆ. ಹಾನಿ ಯಾರದೆಂದು ಗೋಡೆಯೇ ಹೇಳುತ್ತದೆ. ತೇವ ಗೋಡೆಯುದ್ದಕ್ಕೂ ನೆಲದಿಂದ ಎರಡು-ಮೂರು ಅಡಿ ಎತ್ತರಕ್ಕೆ ಏರಿ ನಿಂತು, ಮೇಲಂಚಿಗೆ ಬಿಳಿ ಉಪ್ಪಿನ ಗೆರೆ ಕಟ್ಟಿದ್ದರೆ ಅದು ನೆಲದಿಂದ ಬಂದದ್ದು. ನಿನ್ನ ನಲ್ಲಿಯದಾದರೆ ಕಲೆ ನಲ್ಲಿಯ ಸುತ್ತಲೇ ಇರಬೇಕು, ಅದರ ಕೆಳಗೆ ಹೆಚ್ಚು, ದೂರ ಹೋದಂತೆ ಕಡಿಮೆ, ಬೇಸಿಗೆಯಲ್ಲೂ ಹಸಿ. ಮಾಳಿಗೆಯದಾದರೆ ಮೇಲಿನಿಂದ ಇಳಿಯುತ್ತದೆ.

ಇನ್ನೂ ಅನುಮಾನ ಇದ್ದರೆ ಒಂದು ಗೇಣು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಚ್ಚಿ ಎರಡು ದಿನ ಬಿಡಿಸು, ನಲ್ಲಿಯಿಂದ ದೂರದ ಕಡೆ. ಹಾಳೆಯ ಗೋಡೆಯ ಕಡೆ ನೀರಿನ ಹನಿ ಕೂತರೆ ತೇವ ಗೋಡೆಯೊಳಗಿನದು. ಮಾಲೀಕರ ಎದುರಿಗೇ ಹಚ್ಚಬೇಕು, ಅವರ ಎದುರಿಗೇ ತೆಗೆಯಬೇಕು. ಒಪ್ಪದಿದ್ದರೆ ಫೋಟೊ ಹಾಕಿ ನೋಟಿಸು ಕೊಡು.

ಮುಂದಿನ ಮಳಿಗೆಗಾದರೂ ಕೀಲಿಕೈ ತೆಗೆದುಕೊಳ್ಳುವ ದಿನವೇ ಅರ್ಧ ತಾಸು ಕೊಡು. ನಾಲ್ಕು ಗೋಡೆ, ನೆಲ, ಮೇಲ್ಭಾಗ, ಶಟರು, ಪ್ರತಿಯೊಂದರ ಫೋಟೊ. ಜೆಸ್ಕಾಂ ಕರೆಂಟು ಮೀಟರಿನ ಅಂಕಿ. ಎಲ್ಲ ಸ್ವಿಚ್ ಒತ್ತಿ ನೋಡು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ಕೂಡಲೇ ಹೋಗಬೇಕು. ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಿ ತಾರೀಖು ಹಾಕ್ರಿ. ಬಿಡುವ ದಿನ ಅದೇ ಹಾಳೆ ಹಿಡಿದು ಇಬ್ಬರೂ ಇನ್ನೊಂದು ಸುತ್ತು. ಹನ್ನೊಂದು ತಿಂಗಳ ಕರಾರಿನ ಜೊತೆಗೆ ಪಿನ್ನು ಹೊಡೆದಿಟ್ಟರೆ ಸಾಕು.

ಪ್ರಶ್ನೆ: ಅಕ್ಕಾ, ನಮ್ಮೂರು ಯಾದಗಿರಿ ತಾಲ್ಲೂಕು. ನಾನು ಬೆಂಗಳೂರಿನಲ್ಲಿ ಬಾರ್ ಬೆಂಡಿಂಗ್ ಕೆಲಸ ಮಾಡುತ್ತೇನೆ, ಮಂದಿಯ ಹತ್ತು ಅಂತಸ್ತಿನ ಬಿಲ್ಡಿಂಗಿಗೆ ಕಬ್ಬಿಣ ಕಟ್ಟುತ್ತೇನೆ. ಊರಲ್ಲಿ ನನ್ನದೇ ಮನೆ ಏಳುತ್ತಿದೆ, ನೋಡಿಕೊಳ್ಳಲು ಅವ್ವ ಒಬ್ಬಳೇ. ಹೋದ ಭಾನುವಾರ ಸ್ಲ್ಯಾಬ್ ಹಾಕಿದರು. ಪಡಸಾಲೆ 16×20 ಅಡಿ, ನಡುವೆ ಬೀಮ್ ಇಲ್ಲ. ಕೋಣೆ 10×12. ಆರನೆಯ ದಿನ ಸೆಂಟ್ರಿಂಗ್ (ಸ್ಲ್ಯಾಬ್ ಹೊತ್ತ ತಗಡು, ಊರುಗೋಲು) ಬಿಚ್ಚುತ್ತೇನೆ ಎನ್ನುತ್ತಾನೆ ಮೇಸ್ತ್ರಿ. ಏನು ಮಾಡಲಿ?
— ಓದುಗರು, ಯಾದಗಿರಿ

ಉತ್ತರ: ತಮ್ಮಾ, ನಿನ್ನ ಕಾಗದ ಓದಿ ಮೊದಲು ಫೋನು ಮಾಡಿದೆ, ಯಾಕೆಂದರೆ ಪತ್ರಿಕೆ ಅಚ್ಚಾಗುವುದರೊಳಗೆ ಮೇಸ್ತ್ರಿ ಬಿಚ್ಚಿಬಿಟ್ಟಿರುತ್ತಿದ್ದ. ಇಲ್ಲಿ ಬರೆಯುತ್ತಿರುವುದು ನಿನ್ನಂಥ ಉಳಿದವರಿಗೆ.

ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಸ್ಲ್ಯಾಬಿನ ಊರುಗೋಲುಗಳನ್ನು 4.5 ಮೀಟರ್ ತನಕದ ಅಂತರಕ್ಕೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ ಬಿಡಬೇಕು. ಬೀಮಿಗಾದರೆ 6 ಮೀಟರ್ ತನಕ 14 ದಿನ, ಮೇಲಿನದಕ್ಕೆ 21. ಈ ಲೆಕ್ಕ ಹಾಕುವಾಗ ಚಿಕ್ಕ ಬದಿಯನ್ನು ಹಿಡಿಯಬೇಕು. ನಿನ್ನ ಪಡಸಾಲೆಯ ಚಿಕ್ಕ ಬದಿ 16 ಅಡಿ. ನಾಲ್ಕೂವರೆ ಮೀಟರ್ ಎಂದರೆ ಹದಿನಾಲ್ಕು ಮುಕ್ಕಾಲು ಅಡಿ, ಒಂದೂಕಾಲು ಅಡಿ ದಾಟಿಹೋಗಿದೆ. ಅಲ್ಲಿಗೆ ಪಡಸಾಲೆಗೆ ಹದಿನಾಲ್ಕು ದಿನ, ಕೋಣೆಗೆ ಏಳು. ಇದೂ ಸಾದಾ ಒಪಿಸಿ ಸಿಮೆಂಟಿನ ಲೆಕ್ಕ. ನಿನ್ನ ಚೀಲದ ಮೇಲೆ ಪಿಪಿಸಿ ಎಂದಿದೆ ಎಂದು ಅವ್ವ ಓದಿ ಹೇಳಿದಳು, ಅದು ನಿಧಾನಕ್ಕೆ ಗಟ್ಟಿಯಾಗುವ ಸಿಮೆಂಟು. ನಾನಾದರೆ ಕೋಣೆಗೆ ಹತ್ತು, ಪಡಸಾಲೆಗೆ ಹದಿನೆಂಟು ದಿನ ಬಿಡುತ್ತೇನೆ.

ಮೇಸ್ತ್ರಿ ಕೆಟ್ಟವನೆಂದಲ್ಲ. ತಗಡು, ಬಲ್ಲಿ, ಜಾಕಿ ಎಲ್ಲ ಬಾಡಿಗೆಯವು, ದಿನದ ಲೆಕ್ಕ, ಮತ್ತು ಪಕ್ಕದ ಊರಲ್ಲಿ ಇನ್ನೊಂದು ಸ್ಲ್ಯಾಬ್ ಕಾಯುತ್ತಿದೆ. ಹೆಚ್ಚಿನ ದಿನದ ಬಾಡಿಗೆಯನ್ನು ನೀನೇ ಕೊಡುತ್ತೇನೆಂದು ಹೇಳು, ಜಗಳ ಅರ್ಧ ಅಲ್ಲೇ ತಣ್ಣಗಾಗುತ್ತದೆ. ಇನ್ನರ್ಧಕ್ಕೆ, ಮುಂದಿನ ಕಂತಿನ ರೊಕ್ಕ ಸೆಂಟ್ರಿಂಗ್ ಬಿಚ್ಚಿ ನೋಡಿದ ಮೇಲೆ.

ಬೇಸಿಗೆಯಲ್ಲಿ ಪಿಪಿಸಿ ಸ್ಲ್ಯಾಬಿಗೆ ಹದಿನಾಲ್ಕು ದಿನ ನೀರು ತಪ್ಪಬಾರದು. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಚಿಮುಕಿಸಿದರೆ ಹತ್ತು ಗಂಟೆಗೆ ಒಣಗಿ ಬೆಳ್ಳಗಾಗಿರುತ್ತದೆ. ಸಿಮೆಂಟು-ಉಸುಕಿನ ಸಣ್ಣ ಒಡ್ಡು ಕಟ್ಟಿ ಎರಡು ಬೆರಳು ನೀರು ನಿಲ್ಲಿಸಬೇಕು, ಇಲ್ಲವೇ ಭತ್ತದ ಹುಲ್ಲು, ಗೋಣಿತಟ್ಟು ಹರವಿ ತೋಯಿಸುತ್ತಿರಬೇಕು. ನಿನ್ನ ಅವ್ವ ಫೋನಿನಲ್ಲಿ, "ನಾ ದಿನಾ ಹತ್ತಿ ಕೈ ಇಟ್ಟು ನೋಡ್ತೀನವ್ವ, ರೊಟ್ಟಿ ಹಂಚಿನ ಹಂಗ ಬಿಸಿ ಇದ್ರ ನೀರು ಹಾಕ್ತೀನಿ" ಅಂದಳು. ಸೈಟ್ ಸೂಪರ್‌ವೈಸರ್ ಎಂದು ಸಂಬಳ ತೆಗೆದುಕೊಳ್ಳುವ ಎಷ್ಟೋ ಮಂದಿ ಇಷ್ಟು ಮಾಡುವುದಿಲ್ಲ.

ಕಬ್ಬಿಣ ತಗಡಿಗೆ ತಾಗದಂತೆ ಕೆಳಗಿಡುವ ಕವರ್ ಬ್ಲಾಕಿನ ಪಾಠ ನಿನಗೆ ಬೇಡ, ನೀನೇ ಕಟ್ಟುವವನು. ಆದರೆ ಊರಲ್ಲಿ ಕಬ್ಬಿಣದ ಕೆಳಗೆ ಪರಸಿ ಚೂರು ಇಡುತ್ತಾರೆ, ಕಾಂಕ್ರೀಟು ಹಾಕುವಾಗ ಕಾಲು ತಾಗಿ ಅದು ಜಾರಿದರೆ ಕಬ್ಬಿಣ ತಗಡಿನ ಮೇಲೆಯೇ ಕೂರುತ್ತದೆ. ಇರಬೇಕಾದ 20 ಮಿಲಿಮೀಟರ್ ಹೊದಿಕೆ ಇಲ್ಲದ ಜಾಗ ಸೆಂಟ್ರಿಂಗ್ ಬಿಚ್ಚಿದ ದಿನ ಕಾಣುತ್ತದೆ: ಕೆಳಗೆ ನಿಂತು ಮೇಲೆ ನೋಡಿದರೆ ಕಂಬಿಯ ಗೆರೆ, ಇಲ್ಲವೇ ಜೇನುಗೂಡಿನಂತೆ ಜಲ್ಲಿ ಬಿಟ್ಟುಕೊಂಡ ತೂತು. ಅವತ್ತೇ ಅವ್ವನ ಕೈಯಲ್ಲಿ ವಿಡಿಯೊ ಮಾಡಿಸು. ಮೇಸ್ತ್ರಿ ಮರುದಿನವೇ ಗಿಲಾವು ಬಡಿಯುತ್ತೇನೆ ಎಂದರೆ ಬೇಡ ಅನ್ನು. ಮುಂದಿನ ಸಲ ಕಾಂಕ್ರೀಟು ಕಲಸುವಾಗ 50 ಕಿಲೊ ಚೀಲಕ್ಕೆ 25–27 ಲೀಟರ್ ನೀರು, ಅಳೆಯಲು 20 ಲೀಟರಿನ ಬಣ್ಣದ ಬಕೀಟು ಸಾಕು. ಪೈಪು ಬಿಟ್ಟು ಅಂದಾಜಿಗೆ ಕಲಸುವುದನ್ನು ಅವ್ವ ತಡೆಯಲಿ. ಅವಳು ತಡೆಯುತ್ತಾಳೆ, ಧ್ವನಿ ಕೇಳಿದರೇ ಗೊತ್ತಾಯಿತು.

ಪ್ರಶ್ನೆ: ಕಲಬುರಗಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮೂರು ವರ್ಷದ ಹಿಂದೆ ಫ್ಲ್ಯಾಟ್ ತೆಗೆದುಕೊಂಡೆ. ಈಗ ಹಾಲಿನ ಟೈಲ್ಸ್ ಗುಡಾರದಂತೆ ಎದ್ದಿವೆ, ಬಚ್ಚಲಿನಿಂದ ಕೆಳಗಿನ ಮನೆಗೆ ಸೋರುತ್ತಿದೆ. ಒಂದು ವರ್ಷದ ಗ್ಯಾರಂಟಿ ಮುಗಿದಿದೆ ಎಂದು ಬಿಲ್ಡರ್ ಕೈ ಎತ್ತಿದ್ದಾರೆ. ಹೌದೇ?
— ನಿವೃತ್ತ ನೌಕರರು, ಕಲಬುರಗಿ

ಉತ್ತರ: ಇಲ್ಲ ಸಾಹೇಬರೇ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೇ ಕಲಂ ಪ್ರಕಾರ ಕಬ್ಜಾ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೌಲಭ್ಯದ ದೋಷವನ್ನು ಗಮನಕ್ಕೆ ತಂದರೆ 30 ದಿನದಲ್ಲಿ ಬಿಲ್ಡರ್ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ ನೋಡಿಕೊಳ್ರಿ. ಜಾಗ 500 ಚದರ ಮೀಟರ್ ಮೀರಿದ್ದು, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ಆಗಿರಬೇಕು. ದೂರನ್ನು ಆನ್‌ಲೈನಿನಲ್ಲೇ ಹಾಕಬಹುದು, ಬೆಂಗಳೂರಿಗೆ ಓಡಬೇಕಿಲ್ಲ.

ಬಿಲ್ಡರಿಗೆ ನೀವು ಹೇಳಿದ್ದೆಲ್ಲ ಬಾಯಿಮಾತಿನಲ್ಲಿ ಎಂದು ನಿಮ್ಮ ಕಾಗದದಲ್ಲಿದೆ. ಅದಕ್ಕೆ ತಾರೀಖು ಎಲ್ಲಿದೆ? ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ಬರೆಯುವ ಮೊದಲು ನಾಣ್ಯದಿಂದ ಒಂದೊಂದೇ ಟೈಲ್ಸ್ ಬಡಿದು ನೋಡಿ, ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಿಂದ ಗುಣಾಕಾರ ಹಾಕಿ ಫೋಟೊ ತೆಗೆಯಿರಿ. ಟೈಲ್ಸಿನ ಅಡಿಗೆ ಗಾರೆ ಪೂರ್ತಿ ಹರವದೆ ನಾಲ್ಕು ಮೂಲೆಗೆ, ನಡುವೆ ಒಂದೊಂದು ಉಂಡೆ ಇಟ್ಟು ಕೂರಿಸಿದ ಕೆಲಸ ಹಾಗೇ ಸದ್ದು ಮಾಡುತ್ತದೆ. ಬಚ್ಚಲಿಗೆ, ನೀರು ಹೋಗುವ ಬಾಯಿ ಬಟ್ಟೆ ತುರುಕಿ ಮುಚ್ಚಿ, ಎರಡು ಬೆರಳು ನೀರು ಒಂದು ದಿನ ನಿಲ್ಲಿಸ್ರಿ. ಕೆಳಗೆ ಸೋರಿದರೆ ನೆಲದ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಸೋರದಿದ್ದರೆ ಪೈಪು.

ಪ್ರಶ್ನೆ: ಸುರಪುರದಲ್ಲಿ ನನ್ನ ಮನೆ ಮಾರಬೇಕಾಗಿದೆ, ಮಗಳ ಮದುವೆ ಇದೆ. ಹಿಂದಿನ ಗೋಡೆಗೆ ಓರೆ ಬಿರುಕು. ಪುಟ್ಟಿ, ಬಣ್ಣ ತಂದಿಟ್ಟಿದ್ದೇನೆ. ಮುಚ್ಚಿ ತೋರಿಸಿದರೆ ತಪ್ಪೇನು? ಎಲ್ಲರೂ ಮಾಡುತ್ತಾರಲ್ಲ?
— ಓದುಗರು, ಸುರಪುರ

ಉತ್ತರ: ಕಾಕಾ, ಎಲ್ಲರೂ ಮಾಡುತ್ತಾರೆ ಎಂಬುದಕ್ಕೆ ಮೊದಲ ಕಾಗದದ ಮಾಸ್ತರರೇ ಸಾಕ್ಷಿ. ಆದರೆ ಅದೇ 1882ರ ಕಾಯ್ದೆಯ 55ನೇ ಕಲಂ ಇದೆ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಹೇಳಲೇಬೇಕು, ಹೇಳದಿದ್ದರೆ ಅದು ವಂಚನೆ. ಈಗ ಆ ಬಿರುಕು ಕಣ್ಣಿಗೆ ಕಾಣುತ್ತದೆ. ಪುಟ್ಟಿ ಹಚ್ಚಿದ ದಿನ ನೀವೇ ಅದನ್ನು ಕಾಣದ ದೋಷ ಮಾಡಿದಂತಾಗುತ್ತದೆ. ಮದುವೆಯ ಮರುವರ್ಷ ಕೋರ್ಟಿನ ಕಾಗದ ಬಂದರೆ ಅಳಿಯನ ಮನೆಯವರಿಗೂ ಗೊತ್ತಾಗುತ್ತದೆ.

ಹಿಂದಿನ ಗೋಡೆ ಎಂದಿರಿ, ಅಲ್ಲಿ ಬಚ್ಚಲ ನೀರು ಎಲ್ಲಿ ಹೋಗುತ್ತದೆ? ಗೋಡೆಯ ಬುಡದಲ್ಲೇ ಇಂಗುತ್ತಿದ್ದರೆ ಹತ್ತು ಅಡಿ ಪೈಪು ಹಾಕಿ ದೂರ ಒಯ್ಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ಇವತ್ತಿನ ತಾರೀಖು ಬರೆಯಿರಿ. ನೋಡಲು ಬಂದವರಿಗೆ ಗೆರೆ ಸಹಿತ ತೋರಿಸ್ರಿ, ಪೈಪು ಹಾಕಿದ್ದನ್ನೂ ತೋರಿಸ್ರಿ. ಕರಾರಿನಲ್ಲಿ "ಹಿಂದಿನ ಗೋಡೆಯ ಬಿರುಕನ್ನು ಖರೀದಿದಾರರು ನೋಡಿದ್ದಾರೆ" ಎಂದು ಒಂದು ಸಾಲು ಹಾಕಿಸ್ರಿ. ದರ ಸ್ವಲ್ಪ ಇಳಿಯಬಹುದು, ಒಪ್ಪುತ್ತೇನೆ. ಎರಡು ತಿಂಗಳು ಬಿರುಕು ಗೆರೆ ದಾಟದಿದ್ದರೆ ಇಳಿಸಲು ಅವರ ಹತ್ತಿರವೂ ಮಾತಿರುವುದಿಲ್ಲ.

ಪುಟ್ಟಿಯ ಚೀಲ ಇನ್ನೂ ಬಿಚ್ಚಿಲ್ಲವಾದರೆ, ಬಿಲ್ಲು ಇಟ್ಟುಕೊಂಡಿದ್ದರೆ, ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ. ಕೇಳಿ ನೋಡ್ರಿ.